ಡ್ರೈವರಣ್ಣನ ಸ್ಟ್ರೈಕರ್

ಹಿರಿಯರ ನೆರವು ಸಂಘದ ಕಾರ್ಯದರ್ಶಿಯಮ್ಮನವರಿಗೆ,

ಸಂಘದ ಕಡೆಯಿಂದ ನನ್ನ ಜೊತೆ ಕೇರಂ ಆಡೋಕೆ ಬರ್ತಿದ್ದ ಡ್ರೈವರಣ್ಣ ಊರಿಗೆ ಹೋಗಿದ್ದಾರೆ ಅಂದಿರಿ. ನಿನ್ನೆ ನೀವು ಕಳಿಸಿದ ಹೊಸ ಸ್ವಯಂಸೇವಕಿ ಡ್ರೈವರಣ್ಣನ ಸ್ಟ್ರೈಕರ್ ತಂದಿದ್ದಳು. ಜೀವ ಇರೋವರೆಗೂ ಆ ಮನುಷ್ಯ ಅದನ್ನ ಯಾರ ಕೈಗೂ ಕೊಡೋರಲ್ಲ. ಗದರಿಸಿ ಕೇಳಿದ್ದಕ್ಕೆ, ತೀರಿಕೊಂಡರು ಅಂತ ಅತ್ತುಬಿಟ್ಟಳು. ಅವಳನ್ನ ಬೈಬೇಡಿ.

ವಯಸ್ಸಾದೋಳು, ತಡಕೊಳ್ಳಲ್ಲ ಅಂತ ಮುಚ್ಚಿಟ್ಟಿರಿ. ಗಂಡನನ್ನೇ ಕಳಕೊಂಡು ಬದುಕಿರೋಳು ನಾನು, ತಡಕೊಳ್ತಿದ್ದೆ. ಈಗ ಕೊನೇ ಸಲ ಮುಖ ನೋಡೋದೂ ತಪ್ಪಿಹೋಯ್ತು.

ಅವರ ಹೆಂಡತಿ ಒಬ್ಬರೇ ಇದ್ದಾರಂತೆ. ಅವರ ಮನೆಗೆ ಹೋಗೋ ಸ್ವಯಂಸೇವಕರಲ್ಲಿ ನನ್ನ ಹೆಸರೂ ಸೇರಿಸಿ. ಮೆಟ್ಟಿಲಿಳಿಯೋಕೆ ಯಾರಾದರೂ ಕೈ ಹಿಡಿದರೆ ಸಾಕು. ಸ್ಟ್ರೈಕರ್ ನಾನೇ ತಲುಪಿಸ್ತೀನಿ.

ಡ್ರೈವರಣ್ಣ ಬೇಕಂತಲೇ ಸೋಲ್ತಿದ್ದರು. ಅದು ನನಗೆ ಗೊತ್ತಿತ್ತು ಅಂತ ಯಾರಿಗಾದರೂ ಹೇಳಬೇಕು.

ಇಂತಿ,
ನಿಮ್ಮ ಕೇರಂ ಅಜ್ಜಿ