ಹದ್ದಿಗೆ ಲೆಕ್ಕ ಬರುವುದಿಲ್ಲ

ವರಾಂಗರ್ ಕಡಲತಡಿ,
ಮಾರ್ಚ್ ೯

ಪ್ರೀತಿಯ ಟೋರ್‌ಗೈರ್,

ಫೋನಿನಲ್ಲಿ ನೀನು ‘ಹ್ಞೂಂ’ ಬಿಟ್ಟು ಬೇರೇನೂ ಹೇಳುವುದಿಲ್ಲ, ಅದಕ್ಕೇ ಈ ಕಾಗದ. ಔಷಧಿಯ ಮಂಪರಿನಲ್ಲಿ ಅಕ್ಷರಗಳು ಓಡಾಡುತ್ತವಂತೆ. ಮಗಳು ಸಿಗ್ರೂನ್ ಮಂಚದ ಪಕ್ಕ ಕೂತು ಓದಲಿ, ನೀನು ಕಣ್ಣು ಮುಚ್ಚಿಕೊಂಡು ಕೇಳು.

ಮೊದಲು ನಿನಗೆ ಬೇಕಾದ ಸುದ್ದಿ. ಬೊರ್ಗಿಲ್ ಬಂದಳು.

ನನ್ನಮ್ಮನ ಹೆಸರನ್ನು ಒಂದು ಕಡಲಹದ್ದಿಗೆ ಇಟ್ಟವನು ನೀನು. ಅದೇ ಮೂಗು, ಅದೇ ದುರುಗುಟ್ಟುವ ನೋಟ ಅಂತ. ಅಮ್ಮ ಇರುವಷ್ಟು ದಿನ ಅದನ್ನು ಹೊಗಳಿಕೆಯೆಂದೇ ನಂಬಿದ್ದಳು. ಈಗ ಆ ಹಕ್ಕಿಯ ಮೇಲೆ ಪಂತ ಕಟ್ಟಿ ಡಾಕ್ಟರರನ್ನು ಕಾಯಿಸುತ್ತಿದ್ದೀಯ. “ಬೊರ್ಗಿಲ್ ಈ ಚಳಿಗಾಲ ಬಂದ್ರೆ ಆಪರೇಷನ್ನಿಗೆ ಒಪ್ತೀನಿ. ಬರದಿದ್ರೆ ಇಬ್ಬರಿಗೂ ಮುಪ್ಪು, ಯಾರದೂ ಅಲ್ಲ ತಪ್ಪು” ಅಂದೆಯಂತೆ. ಪ್ರಾಸ ಚೆನ್ನಾಗಿದೆ. ಸಿಗ್ರೂನ್ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳಂತೆ.

ಹಾಗಾಗಿ ನಿನ್ನೆ, ನೀನು ಅಡಗಿ ಕೂತು ಹಕ್ಕಿಗಳ ಚಿತ್ರ ತೆಗೆಯುವ ಮರೆಗೂಡಿಗೆ ನಾನೇ ಹೋದೆ, ನೆರೆಮನೆಯ ಪೆಡರ್‌ನನ್ನು ಎಳೆದುಕೊಂಡು. ಇಬ್ಬರು ಒಳಹೋಗಬೇಕು, ಒಬ್ಬರು ಹೊರಬಂದು ಆಕಾಶಕ್ಕೆ ಕಾಣುವಂತೆ ದೂರ ನಡೆದುಬಿಡಬೇಕು. ಹದ್ದಿಗೆ ಲೆಕ್ಕ ಬರುವುದಿಲ್ಲ, ಗೂಡು ಖಾಲಿಯಾಯಿತು ಅಂದುಕೊಳ್ಳುತ್ತದೆ. ಮದುವೆಯಾದಾಗಿನಿಂದ ನಡೆದುಹೋಗುವ ಕೆಲಸ ನನ್ನದೇ. ಒಳಗೆ ಉಳಿದದ್ದು ಇದೇ ಮೊದಲು. ಇಷ್ಟು ಇಕ್ಕಟ್ಟಿನಲ್ಲಿ ಕೂರುತ್ತಿದ್ದೆಯೆಂದು ಒಂದು ದಿನವಾದರೂ ಹೇಳಬಾರದಿತ್ತೇ? ಕ್ಯಾಮೆರಾದ ಹಲಗೆಯಲ್ಲಿ ನೀನು ಮೊಣಕೈ ಊರಿ ಊರಿ ಎರಡು ಗುಳಿ ಬಿದ್ದಿವೆ. ನನ್ನ ಮೊಣಕೈಗಳು ಅವಕ್ಕೆ ಹೊಂದಲಿಲ್ಲ.

ಬಂಡೆಯ ಮೇಲೆ ಕಾಡ್ ಮೀನಿನ ತಲೆಗಳನ್ನಿಟ್ಟು ಬಂದ ಪೆಡರ್ ಹೊರಡುವ ಲಕ್ಷಣವೇ ಕಾಣಲಿಲ್ಲ. ಚಳಿಗೆ ನನ್ನ ಹಲ್ಲು ಕಟಕಟ, ಅವನ ಬಾಯಿ ವಟವಟ. “ನಿನ್ನ ಗಂಡ ಊರಿನ ಕೊಕ್ಕುಗಳದ್ದೆಲ್ಲ ಚಿತ್ರ ತೆಗೆದ, ನನ್ನ ಮೂತಿಯದ್ದು ಒಂದು ಸಲವೂ ತೆಗೆಯಲಿಲ್ಲ” ಅಂತ ದೂರಿದ. “ಹದ್ದು ಹಲ್ಲು ಕಿಸಿಯಲ್ಲ ಕಣೋ, ಅದಕ್ಕೆ” ಅಂದೆ. ನಗುತ್ತಾ ಹೋದ. ಹೋಗುವಾಗ ತಿರುಗಿ ತಿರುಗಿ ಕೈ ಬೀಸಿದ. ಒಳಗೆ ಇನ್ನೊಬ್ಬರಿದ್ದಾರೆಂದು ಹದ್ದಿಗೆ ಸಾರಿದ ಹಾಗೆ; ನೀನು ನೋಡಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಮಧ್ಯಾಹ್ನ ದಾಟಿದ ಮೇಲೆ ಅವಳು ಬಂದಳು. ಬಲಗಾಲಿನ ಸೊಟ್ಟ ಬೆರಳು ಹಾಗೇ ಇದೆ. ಮೀನಿನ ಕಣ್ಣನ್ನೇ ಮೊದಲು ಕಿತ್ತು ತಿಂದಳು, ಥೇಟ್ ಅಮ್ಮನ ಹಾಗೆ. ಚಿತ್ರ ಲಕೋಟೆಯಲ್ಲಿದೆ. ನನ್ನ ಕೈಗೆ ಇಷ್ಟು ಬಂದದ್ದೇ ಹೆಚ್ಚು, ಬೆಳಕು ಸರಿಯಿಲ್ಲ ಅಂತ ಪಾಠ ಶುರುಮಾಡಬೇಡ.

ಮಾತು ಕೊಟ್ಟಿದ್ದೀಯ. ಡಾಕ್ಟರರಿಗೆ ‘ಆಗಲಿ’ ಅನ್ನು. ನಿನ್ನ ಬೂಟುಗಳನ್ನು ಒಲೆಯ ಹತ್ತಿರವೇ ಇಟ್ಟಿದ್ದೇನೆ. ಅವು ಒಣಗಿ ಎಷ್ಟೋ ದಿನವಾಯಿತು, ತೆಗೆಯಲು ಮನಸ್ಸಿಲ್ಲ.

ನಿನ್ನ,
ಒಡ್ನಿ

ತಾ.ಕ.: ಸಿಗ್ರೂನ್, ಈ ಹಾಳೆಯನ್ನು ಅಪ್ಪನಿಗೆ ಓದಬೇಡ. ಹದ್ದು ಬರಲಿಲ್ಲ. ಈ ಚಳಿಗಾಲ ಅದನ್ನು ಕಂಡವರೇ ಇಲ್ಲ. ಮೀನನ್ನು ಕಾಗೆಗಳು ತಿಂದವು. ಲಕೋಟೆಯಲ್ಲಿರುವುದು ಹಿಂದೆಂದೋ ಅವನೇ ತೆಗೆದು, ಬೇಡವೆಂದು ಪಕ್ಕಕ್ಕೆಸೆದ ಚಿತ್ರ. ತಾನು ತೆಗೆದದ್ದನ್ನು ಅವನು ಎಂಥ ಮಂಪರಿನಲ್ಲೂ ಗುರುತಿಸುತ್ತಾನೆ. ಗುರುತಿಸಿಯೂ ಏನೂ ಅನ್ನದೆ ಆಪರೇಷನ್ನಿಗೆ ಒಪ್ಪಿಕೊಂಡರೆ, ನೀನೂ ಏನೂ ಅನ್ನಬೇಡ.