ಏಳನೇ ನಿಮಿಷದ ಗಂಟೆ

ನವೆಂಬರ್ ೧೪, ಶನಿವಾರ

ಗಂಟೆ ಹೊಡೆದದ್ದು ನಾನೇ.

ಆಫ್ರಿಕಾದ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸುವ ಸಭೆ. ಒಬ್ಬೊಬ್ಬರಿಗೆ ಏಳೇ ನಿಮಿಷದ ಮಾತು; ಮುಗಿದೊಡನೆ ಗಂಟೆ ಹೊಡೆಯುವ ಕೆಲಸ ನನ್ನದು. ಟೈಲ್ಸ್ ವ್ಯಾಪಾರಿಯೊಬ್ಬ ಆಫ್ರಿಕಾ ಪ್ರವಾಸದಲ್ಲಿ ತಾನು ಕಂಡ ಸಿಂಹದ ಕಥೆಯನ್ನು ಹನ್ನೆರಡು ನಿಮಿಷ ಕೊರೆದ. ದೊಡ್ಡ ದಾನಿಯೆಂದು ಗಂಟೆ ಮುಟ್ಟಲಿಲ್ಲ.

ಆಮೇಲೆ ಅಕ್ಕ. ಹನ್ನೊಂದು ವರ್ಷ ಅಲ್ಲಿ ನರ್ಸಾಗಿದ್ದವಳು, ಮನೆಯಲ್ಲಿ ಒಮ್ಮೆಯೂ ಅದರ ಬಗ್ಗೆ ಬಾಯಿ ಬಿಟ್ಟವಳಲ್ಲ. “ಆ ರಾತ್ರಿ ಮಗು ನನ್ನ ಕೈಯಲ್ಲೇ…” ಎಂದಳು. ಏಳು ನಿಮಿಷವಾಗಿತ್ತು. ಒಡಹುಟ್ಟಿದವಳೆಂದು ಬಿಟ್ಟರೆ ಜನ ಆಡಿಕೊಂಡಾರೆಂದು ಹೊಡೆದೇಬಿಟ್ಟೆ. ಚಪ್ಪಾಳೆ ಬಿತ್ತು. ಇಳಿದು ಬಂದಳು.

ಕಾರಿನಲ್ಲಿ ಕೇಳಿದೆ: “ಅಕ್ಕಾ, ಆ ಮಗು ಏನಾಯ್ತು?”

“ಟೈಮ್ ಆಯ್ತಲ್ಲೋ, ಬಿಡು.” ದನಿಯಲ್ಲಿ ಸಿಟ್ಟೂ ಇರಲಿಲ್ಲ.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಮರೆತು ತಂದ ಗಂಟೆ ಮೇಜಿನ ಮೇಲಿದೆ. ಸದ್ದಾದರೆ ಪಕ್ಕದ ಕೋಣೆಯಲ್ಲಿ ಅವಳಿಗೆ ಎಚ್ಚರವಾದೀತೆಂದು ಅದರ ನಾಲಿಗೆಗೆ ಕರ್ಚೀಫು ಸುತ್ತಿದ್ದೇನೆ.