ಕಂಕುಳಡಿಯ ಚರ್ಮದ ಚೀಲ

1884, ಮಾರ್ಚ್ 4, ಮಂಗಳವಾರ. ಡ್ರೈ ಫೋರ್ಕ್, ಟೆಕ್ಸಾಸ್

ನನ್ನ ಅಂಗಡಿಯಲ್ಲಿ ಈಗ ಕುದುರೆಯ ಜೀನು ಕೇಳುವವರೇ ಇಲ್ಲ. ಊರೊಳಗೆ ಪಿಸ್ತೂಲು ಕಾಣಬಾರದೆಂದು ಕಾನೂನು ಬಂದಾಗಿನಿಂದ ಎಲ್ಲರಿಗೂ ಕಂಕುಳಡಿ ಅಡಗಿಸುವ ಚರ್ಮದ ಚೀಲವೇ ಬೇಕು. ತಮಾಷೆ — ಕಾನೂನು ಕಾಯುವವನು ನನ್ನ ಅಳಿಯ ಆರಿನ್. ಬೀದಿಯಲ್ಲಿ ಗಂಡಸರ ಸೊಂಟ ತಡವುತ್ತಾನೆ. ಕಂಕುಳು ನೋಡುವಷ್ಟು ಬುದ್ಧಿ ಇನ್ನೂ ಬಂದಿಲ್ಲ.

ದರ್ಜಿ ಹೆಟ್ಟಿ ಬಂದಿದ್ದಳು. ಕೈಯಲ್ಲಿ ಪುಟ್ಟ ಪಿಸ್ತೂಲು, ಎದೆಯಳತೆಗೆ ಗಂಟು ಹಾಕಿದ ದಾರ.

"ನನ್ನ ತಮ್ಮನಿಗೆ."

"ಇಷ್ಟೇನಾ ಎದೆ? ಹೊಟ್ಟೆಗೇನಾದ್ರೂ ಹಾಕ್ತೀಯೋ ಇಲ್ವೋ ಅವನಿಗೆ?"

"ಸುಮ್ನೆ ಹೊಲೀರಿ ಮಾರಾಯ್ರೆ."

ಮಾರ್ಚ್ 7

ಒದ್ದೆ ಚರ್ಮವನ್ನು ಪಿಸ್ತೂಲಿಗೇ ಸುತ್ತಿ, ಉಜ್ಜಿ, ಒಣಗಲು ಬಿಟ್ಟಿದ್ದೆ. ಅಚ್ಚು ಚೆನ್ನಾಗಿ ಕೂತಿದೆ. ಅಂಚಿಗೆ ಜೋಡಿ ಹೊಲಿಗೆ, ಮೂಲೆಯಲ್ಲಿ ನನ್ನ ಗುರುತಿನ ಅಡ್ಡಹೊಲಿಗೆ. ಮೇಲೆ ಬಟ್ಟೆ ಹಾಕಿದರೆ ಉಬ್ಬೇ ಕಾಣದು. ಇದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ.

ಮಾರ್ಚ್ 16, ಭಾನುವಾರ

ಚರ್ಚಿನ ಬಾಗಿಲಲ್ಲಿ ಮಗಳು ವಿನ್ನಿಯನ್ನು ತಬ್ಬಿಕೊಂಡೆ. ಶಾಲಿನಡಿ, ಎಡಗಂಕುಳಲ್ಲಿ — ಗಟ್ಟಿ ಚರ್ಮ. ಬೆರಳಿಗೆ ಹೊಲಿಗೆ ಸಿಕ್ಕಿತು. ಜೋಡಿ. ಮೂಲೆಯಲ್ಲಿ ಅಡ್ಡ.

ಅಯ್ಯೋ ದೇವರೇ! ನನ್ನ ಮಗಳಾ? ಯಾರಿಗೆ ಹೆದರಿ?

ಪಕ್ಕದಲ್ಲೇ ಅವಳ ಗಂಡ ಆರಿನ್ ನಗುತ್ತ ನಿಂತಿದ್ದ. "ಏನ್ ಮಾವ, ದೆವ್ವ ಕಂಡ್ರಾ?"

ವಿನ್ನಿ ನೆಲ ನೋಡಿದಳು.

ಮಾರ್ಚ್ 17

ಹೆಟ್ಟಿಯ ಅಂಗಡಿಗೇ ನುಗ್ಗಿದೆ. ಯಾಕೆ ಸುಳ್ಳು ಹೇಳಿದೆ ಎಂದು ಕೂಗಾಡಿದೆ.

"ನಿಜ ಹೇಳಿದ್ರೆ ಹೊಲೀತಿದ್ರಾ? ಅಳತೆ ತಗೊಳ್ಳುವಾಗ ಅವಳ ಬೆನ್ನು ನೋಡಿದೀನಿ. ಬರೀ ಬಾಸುಂಡೆ. ಕ್ರಿಸ್ಮಸ್‌ನಲ್ಲಿ ನಿಮ್ಮ ಹತ್ರ ಬಂದು ಅತ್ತಳಂತಲ್ಲ, ನೀವೇನಂದ್ರಿ?"

ಹೊಂದಿಕೊಂಡು ಹೋಗು ಅಂದಿದ್ದೆ. ನಾನೇ ಬಂಡಿಯಲ್ಲಿ ಕೂರಿಸಿ ಆರಿನ್‌ನ ಮನೆಗೆ ಬಿಟ್ಟು ಬಂದಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 2, ಬುಧವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಎರಡು ಸಲ ವಿನ್ನಿಯ ಮನೆ ಗೇಟಿನ ತನಕ ಹೋಗಿ ತಿರುಗಿ ಬಂದೆ. ಹೇಡಿ.

ಇವತ್ತು ಅವಳೇ ಬಂದಳು. ಪಿಸ್ತೂಲಿನ ಸಮೇತ ಚೀಲ ಬಿಚ್ಚಿ ಮೇಜಿನ ಮೇಲಿಟ್ಟಳು.

"ಅಪ್ಪಾ, ಪಟ್ಟಿ ಸಡಿಲ ಆಗಿದೆ, ಜಾರತ್ತೆ. ಇನ್ನೆರಡು ತೂತು ಒಳಗೆ ಹಾಕಿಕೊಡು."

ಹೊಲಿದು ತಿಂಗಳೂ ಆಗಿಲ್ಲ. ಎರಡು ತೂತು... ಅಷ್ಟು ಇಳಿದುಹೋಗಿದ್ದಾಳೆ. ಉಳಿ ಎತ್ತಿಕೊಂಡೆ, ತೂತು ಹಾಕಲು ಕೈ ಬರಲಿಲ್ಲ.

"ವಾಪಸು ಹೋಗಬೇಡ, ವಿನ್ನಿ."

"ಇದನ್ನ ಅವತ್ತೇ ಹೇಳಬೇಕಿತ್ತು, ಅಪ್ಪ."

ಒಳಗೆ ಮಲಗಿಸಿದ್ದೇನೆ.

ಸಂಜೆ 5

ಹೊರಗೆ ಕುದುರೆ ನಿಂತ ಸದ್ದು. ಆರಿನ್. ಬಾಗಿಲು ಬಡಿಯುತ್ತಿದ್ದಾನೆ — "ಮಾವ, ನನ್ನ ಹೆಂಡ್ತಿ ಇಲ್ಲಿದಾಳಾ?"

ಪಟ್ಟಿ ನನ್ನ ಎದೆಗೆ ಸಾಲದು. ಪಿಸ್ತೂಲು ಕೈಯಲ್ಲೇ ಹಿಡಿದು, ಅವನಿಗೆ ಕಾಣುವ ಹಾಗೆ, ಬಾಗಿಲು ತೆಗೆಯುತ್ತೇನೆ —